‘ಮಿ’ ಅನ್ನುವುದು ಮರ್ಯಾದೆಗೇಡಲ್ಲ

ಸಂಪಾದಕರಿಗೆ,

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅಂತ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಬರುವ ಇಂಗ್ಲಿಷ್ ಟಿಪ್ಸ್‌ನಲ್ಲಿ ಕಳೆದ ವಾರ ಒಂದು ಸಾಲಿತ್ತು. ‘ಮಿ’ ಅನ್ನುವುದು ಸ್ವಲ್ಪ ಒರಟು, ಆದ್ದರಿಂದ ಇನ್ನೊಬ್ಬರ ಜೊತೆ ನಮ್ಮನ್ನು ಸೇರಿಸಿ ಹೇಳುವಾಗ ಯಾವಾಗಲೂ ‘ಐ’ ಬಳಸಬೇಕು ಅಂತ. ಉದಾಹರಣೆಗೆ ‘ಬಿಟ್ವೀನ್ ಯು ಆಂಡ್ ಐ’ ಅಂತಲೂ ಕೊಟ್ಟಿದ್ದರು. ಅಚ್ಚಿನ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಇದು ತಿಳಿವಳಿಕೆಯ ತಪ್ಪು, ಅದೂ ಪರೀಕ್ಷೆಗೆ ಓದುವ ಮಕ್ಕಳಿಗೆ ಪಾಠ ಅಂತ ಕೊಟ್ಟಿದ್ದು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸುವುದಿದ್ದರೆ ನಡುವಿನ ಇತಿಹಾಸ ಕತ್ತರಿಸಿ, ಉದಾಹರಣೆಗಳನ್ನು ಮಾತ್ರ ಮುಟ್ಟಬೇಡಿ.

ನಾನು ಟೀಚರ್ ಅಲ್ಲ. ದಾವಣಗೆರೆಯಲ್ಲಿ ಒಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ, ಕಂಪ್ಯೂಟರ್ ಬರುವುದಕ್ಕೆ ಮುಂಚೆ ಟೈಪಿಂಗ್ ಕಲಿಸುತ್ತಿದ್ದೆ. ರಜಾ ಅರ್ಜಿ, ಬ್ಯಾಂಕಿಗೆ ಕೊಡುವ ಪತ್ರ, ಲಗ್ನಪತ್ರಿಕೆಯ ಇಂಗ್ಲಿಷ್ ಮಗ್ಗುಲು, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟು, ನರ್ಸಿಂಗ್ ಹುಡುಗಿಯರ ಬಯೋಡೇಟಾ, ಹೀಗೆ ಊರಿನ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪಾಲು ನನ್ನ ಕೀಬೋರ್ಡ್ ಮೇಲೆ ಹಾದು ಹೋಗುತ್ತೆ. ‘ಅಕ್ಕಾ, ಇಂಗ್ಲಿಷ್ ಸರಿ ಐತಾ ಒಂದ್ಸಲ ನೋಡ್ರಿ’ ಅಂತ ಕೇಳದವರು ಕಡಿಮೆ. ಹಾಗೆ ನೋಡುವಾಗ ಸ್ಪೆಲಿಂಗ್ ಬಿಟ್ಟರೆ ಅತಿ ಜಾಸ್ತಿ ಸಿಗುವುದು ಈ ‘ಐ’ ಮತ್ತು ‘ಮಿ’ ಗಲಿಬಿಲಿಯೇ.

ಚನ್ನಗಿರಿ ಕಡೆಯ ಒಬ್ಬ ರೈತರು ಬ್ಯಾಂಕಿಗೆ ಕೊಡಲು ಯಾರ ಕೈಲೋ ಬರೆಸಿಕೊಂಡು ತಂದಿದ್ದ ಪತ್ರದಲ್ಲಿ ‘ದ ಗಾರ್ಡನ್ ವಾಸ್ ಡಿವೈಡೆಡ್ ಬಿಟ್ವೀನ್ ಮೈ ಬ್ರದರ್ ಆಂಡ್ ಐ’ ಅಂತ ಇತ್ತು. ಅಡಿಕೆ ತೋಟ ಅಣ್ಣನಿಗೂ ತಮಗೂ ಭಾಗವಾಗಿದೆ ಅಂತ ಹೇಳುವುದು ಅವರ ಉದ್ದೇಶ. ಬ್ಯಾಂಕಿನವರಿಗೆ ಅರ್ಥ ಆಗುತ್ತೆ, ಅದರಲ್ಲೇನೂ ತೊಂದರೆ ಇಲ್ಲ. ಆದರೆ ಅಲ್ಲಿ ‘ಮಿ’ ಇರಬೇಕಿತ್ತು ಅಂತ ನಾನು ತಿದ್ದಿದ್ದಕ್ಕೆ, ಬರೆದುಕೊಟ್ಟ ಹುಡುಗ ಮಾರನೇ ದಿನ ಅಂಗಡಿಗೇ ಬಂದು, ‘ಅಕ್ಕಾ, ಮಿ ಅಂದ್ರೆ ಮರ್ಯಾದೆ ಕೊಟ್ಟಂಗಾಗಲ್ಲ, ಬ್ಯಾಂಕಿಗೆ ಹೋಗೋ ಲೆಟರ್ ಅದು’ ಅಂದ. ಡಿಗ್ರಿ ಓದುವ ಹುಡುಗ. ಯಾರಪ್ಪಾ ಹೇಳಿಕೊಟ್ಟಿದ್ದು ಅಂದರೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ಅಂದ. ಈಗ ಅದೇ ಮಾತು ನಿಮ್ಮ ಪುರವಣಿಯಲ್ಲೂ ಬಂದಿದೆ.

ಈ ‘ಮರ್ಯಾದೆ’ ಎಲ್ಲಿಂದ ಬಂತು ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ನನಗನ್ನಿಸುವುದು ಇಷ್ಟು. ಕನ್ನಡದಲ್ಲಿ ಸರ್ವನಾಮ ಬದಲಾಯಿತು ಅಂದರೆ ಹೆಚ್ಚಾಗಿ ಮರ್ಯಾದೆಯೇ ಬದಲಾಯಿತು ಅಂತ. ನೀನು ಹೋಗಿ ನೀವು ಆಗುತ್ತೆ, ಅವನು ಹೋಗಿ ಅವರು ಆಗುತ್ತೆ, ಇವಳು ಹೋಗಿ ಇವರು ಆಗುತ್ತೆ. ಚಿಕ್ಕಂದಿನಿಂದ ನಮ್ಮ ಕಿವಿ ಇದಕ್ಕೇ ತಯಾರಾಗಿರುತ್ತೆ. ಮೇಷ್ಟ್ರನ್ನು ‘ಅವನು’ ಅಂದರೆ ಮನೆಯಲ್ಲಿ ಬೆನ್ನಿಗೆ ಬಿತ್ತು ಅಂತಲೇ ಲೆಕ್ಕ. ಹೀಗಿರುವಾಗ ಯಾರೋ ಬಂದು ‘ಮಿ ಅನ್ನಬೇಡ, ಐ ಅನ್ನು’ ಅಂದರೆ ನಾವು ಅದನ್ನು ನೀನು-ನೀವು ಸಾಲಿಗೇ ಸೇರಿಸಿಬಿಡುತ್ತೇವೆ. ‘ಐ’ ದೊಡ್ಡವರ ಮುಂದೆ, ‘ಮಿ’ ಮನೆಯಲ್ಲಿ. ಆದರೆ ಇಂಗ್ಲಿಷಿನಲ್ಲಿ ಈ ಎರಡಕ್ಕೂ ಮರ್ಯಾದೆಗೂ ಸಂಬಂಧವೇ ಇಲ್ಲ. ಕೆಲಸ ಮಾಡುವವರು ನಾವಾದರೆ ‘ಐ’, ಆ ಕೆಲಸ ನಮ್ಮ ಮೇಲೆ ಬಿದ್ದರೆ, ಇಲ್ಲಾ ‘ಟು’, ‘ಫಾರ್’, ‘ವಿತ್’, ‘ಬಿಟ್ವೀನ್’ ತರಹದ ಪದದ ಹಿಂದೆ ನಾವು ಬಂದರೆ ‘ಮಿ’. ರಾಷ್ಟ್ರಪತಿಗಳಿಗೆ ಪತ್ರ ಬರೆದರೂ ‘ಪ್ಲೀಸ್ ಹೆಲ್ಪ್ ಮಿ’ ಅಂತಲೇ ಬರೆಯಬೇಕು. ‘ಪ್ಲೀಸ್ ಹೆಲ್ಪ್ ಐ’ ಅಂತ ಯಾರಾದರೂ ಬರೆಯುತ್ತಾರಾ?

ಬರೆಯಲ್ಲ. ಅದೇ ಇದರಲ್ಲಿರುವ ಮಜಾ. ಒಬ್ಬರೇ ಇದ್ದಾಗ ಯಾರೂ ತಪ್ಪುವುದಿಲ್ಲ. ‘ಮೈ ಫಾದರ್ ಟುಕ್ ಮಿ ಟು ಹರಿಹರ’ ಅಂತ ಆರನೇ ಕ್ಲಾಸ್ ಹುಡುಗಿಯೂ ಸರಿಯಾಗಿ ಬರೆಯುತ್ತಾಳೆ. ಜೊತೆಗೆ ತಮ್ಮನನ್ನು ಸೇರಿಸಿ ನೋಡಿ, ತಕ್ಷಣ ‘ಮೈ ಫಾದರ್ ಟುಕ್ ಮೈ ಬ್ರದರ್ ಆಂಡ್ ಐ ಟು ಹರಿಹರ’ ಆಗುತ್ತೆ. ಆದ್ದರಿಂದ ಅನುಮಾನ ಬಂದಾಗ ತಮ್ಮನನ್ನು ಒಂದು ಕ್ಷಣ ಬಸ್ಸಿನಿಂದ ಇಳಿಸಿಬಿಡಿ. ‘ಟುಕ್ ಐ’ ಅಂತ ಉಳಿಯುತ್ತೆ, ಕಿವಿಗೇ ಗೊತ್ತಾಗುತ್ತೆ. ಮತ್ತೆ ಅವನನ್ನು ಹತ್ತಿಸಿಕೊಂಡು ‘ಮಿ’ ಹಾಕಿ.

‘ಬಿಟ್ವೀನ್’ಗೆ ಮಾತ್ರ ಈ ಉಪಾಯ ಸರಿಯಾಗಿ ಕೂರುವುದಿಲ್ಲ, ಯಾಕೆಂದರೆ ನಡುವೆ ಅನ್ನಬೇಕಾದರೆ ಇಬ್ಬರು ಬೇಕೇ ಬೇಕು. ಒಬ್ಬರನ್ನು ಇಳಿಸಿದರೆ ವಾಕ್ಯವೇ ಬಿದ್ದುಹೋಗುತ್ತೆ. ಅಲ್ಲಿ ಇಬ್ಬರನ್ನೂ ಒಟ್ಟಿಗೆ ಬದಲಾಯಿಸಿ ನೋಡಬೇಕು. ‘ಬಿಟ್ವೀನ್ ವಿ’ ಅನ್ನುತ್ತೇವಾ, ‘ಬಿಟ್ವೀನ್ ಅಸ್’ ಅನ್ನುತ್ತೇವಾ? ‘ಅಸ್’ ತಾನೇ. ‘ಅಸ್’ ಬಂದ ಕಡೆ ‘ಮಿ’. ‘ವಿ’ ಬಂದ ಕಡೆ ‘ಐ’. ನಿಮ್ಮ ಟಿಪ್ಸ್ ಬರೆದವರು ಈ ಒಂದು ಪರೀಕ್ಷೆ ಮಾಡಿದ್ದರೆ ಆ ಸಾಲು ಅಚ್ಚಾಗುತ್ತಲೇ ಇರಲಿಲ್ಲ.

ಹಾಗಾದರೆ ‘ಐ’ ಒಳ್ಳೆಯದು ಅನ್ನುವ ಮಾತು ಪೂರ್ತಿ ಸುಳ್ಳಾ ಅಂದರೆ, ಅದಕ್ಕೊಂದು ಬೇರು ಇದೆ. ನಮ್ಮ ಮಕ್ಕಳು ‘ಮಿ ಆಂಡ್ ರವಿ ವೆಂಟ್ ಟು ದ ಗ್ರೌಂಡ್’ ಅನ್ನುತ್ತಾರೆ. ಇಂಗ್ಲೆಂಡಿನ ಮಕ್ಕಳೂ ಹೀಗೇ ಅನ್ನುತ್ತಾರಂತೆ ಬಿಡಿ. ಟೀಚರ್ ತಿದ್ದಿ ‘ರವಿ ಆಂಡ್ ಐ’ ಅನ್ನು ಅನ್ನುತ್ತಾರೆ. ಸರಿಯಾದ ತಿದ್ದುಪಡಿಯೇ. ಆದರೆ ಅಲ್ಲಿ ಎರಡು ವಿಷಯ ಒಟ್ಟಿಗೆ ಬದಲಾಗಿವೆ. ಹೋದವರು ನಾವೇ ಆದ್ದರಿಂದ ‘ಮಿ’ ಹೋಗಿ ‘ಐ’ ಬಂತು, ಅದು ವ್ಯಾಕರಣ. ಇನ್ನೊಬ್ಬರ ಹೆಸರು ಮೊದಲು, ನಮ್ಮದು ಕೊನೆಗೆ, ಇದು ಬರೀ ಶಿಷ್ಟಾಚಾರ. ನಾವು ಕನ್ನಡದಲ್ಲಿ ‘ನಾನು, ನಮ್ಮಣ್ಣ ಹೋಗಿದ್ವಿ’ ಅಂತ ನಮ್ಮನ್ನೇ ಮುಂದೆ ಹಾಕಿಕೊಂಡರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಇಂಗ್ಲಿಷಿನವರಿಗೆ ಅದು ಸ್ವಲ್ಪ ಮುಖ್ಯ. ಮಗು ಈ ಎರಡನ್ನೂ ಬೇರೆ ಮಾಡಿಕೊಳ್ಳಲಾರದೆ, ‘ಓಹೋ, ಆಂಡ್ ಹಿಂದೆ ಮಿ ಬರಲೇಬಾರದು’ ಅಂತ ನೆನಪಿಟ್ಟುಕೊಳ್ಳುತ್ತೆ. ಮುಂದೆ ದೊಡ್ಡದಾಗಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತೆರೆದು ಅದನ್ನೇ ಕಲಿಸುತ್ತೆ. ಶಿಷ್ಟಾಚಾರ ಬೇಕಿದ್ದರೆ ‘ರವಿ ಆಂಡ್ ಮಿ’ ಅನ್ನುವುದರಲ್ಲೂ ಅದು ಇದೆ, ರವಿ ಮುಂದೆಯೇ ಇದ್ದಾನಲ್ಲ.

ಇನ್ನು ನನಗೆ ನಿಜವಾಗಿ ಬೇಜಾರಾಗುವ ವಿಷಯ. ಇದನ್ನು ಕಲಿಯಲು ಕನ್ನಡದ ಮಕ್ಕಳಿಗೆ ಕಷ್ಟವೇ ಆಗಬಾರದು. ನಾನು, ನನ್ನನ್ನು, ನನ್ನಿಂದ, ನನಗೆ, ನನ್ನ, ನನ್ನಲ್ಲಿ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿ ಬಂದವರು ಅವರು. (ಪಂಚಮಿಯ ‘ದೆಸೆಯಿಂದ’ ಅನ್ನು ಪರೀಕ್ಷೆ ಬಿಟ್ಟು ಇನ್ನೆಲ್ಲಿ ಬಳಸುತ್ತಾರೋ ಆ ಶಿವನೇ ಬಲ್ಲ.) ಬಾಯಿಪಾಠ ಮಾಡದವರಿಗೂ ಅದು ನಾಲಿಗೆಯಲ್ಲೇ ಇದೆ. ಮಂಡಿಪೇಟೆಯಲ್ಲಿ ಮೂಟೆ ಹೊರುವ, ಶಾಲೆ ಮೆಟ್ಟಿಲು ಹತ್ತದ ಮನುಷ್ಯನೂ ‘ನಿನ್ನ ನಾನು ಮಧ್ಯೆ’ ಅನ್ನುವುದಿಲ್ಲ, ‘ನಿನ್ನ ನನ್ನ ಮಧ್ಯೆ’ ಅಂತಲೇ ಅನ್ನುತ್ತಾನೆ. ‘ಅಪ್ಪ ತಮ್ಮನ್ನೂ ನನ್ನೂ ಕರ್ಕೊಂಡು ಹೋದ’ ಅನ್ನುತ್ತಾನೆ, ‘ತಮ್ಮನ್ನೂ ನಾನೂ ಕರ್ಕೊಂಡು ಹೋದ’ ಅಂತ ಬಾಯಿ ತಪ್ಪಿಯೂ ಅನ್ನಲ್ಲ. ನೋಡಿ, ಕನ್ನಡದಲ್ಲಿ ತಮ್ಮನಿಗೂ ಪ್ರತ್ಯಯ ಹತ್ತುತ್ತೆ, ನನಗೂ ಹತ್ತುತ್ತೆ. ಇಬ್ಬರೂ ಯಾವ ಕಡೆ ಇದ್ದೇವೆ ಅಂತ ಪದವೇ ಹೇಳುತ್ತೆ. ಇಂಗ್ಲಿಷಿನಲ್ಲಿ ‘ಬ್ರದರ್’ ಅನ್ನುವ ಪದ ಹೊಡೆದರೂ ಅದೇ, ಹೊಡೆಸಿಕೊಂಡರೂ ಅದೇ. ಪಕ್ಕದ ಪದದಿಂದ ಸುಳಿವೇ ಸಿಗುವುದಿಲ್ಲ. ಅದಕ್ಕೇ ‘ಆಂಡ್’ ದಾಟಿದ ಕೂಡಲೇ ದಾರಿ ತಪ್ಪುವುದು.

ನೀವು ಪತ್ರಿಕೆಯವರು ‘ಸಚಿವರು ಮತ್ತು ಶಾಸಕರನ್ನು’ ಅಂತ ಒಂದೇ ಪ್ರತ್ಯಯ ಕೊನೆಗೆ ಹಾಕಿ ಮುಗಿಸುತ್ತೀರಿ, ಅದು ಬೇರೆ ಮಾತು. ಅಲ್ಲಿ ಕೂಡ ಕೊನೆಯ ಪದ ತನ್ನ ಪ್ರತ್ಯಯ ಬಿಡಲಿಲ್ಲ, ಗಮನಿಸಿ.

ನಾನು ಅಂಗಡಿಗೆ ಬರುವ ಹುಡುಗರಿಗೆ ಹೇಳುವ ಉಪಾಯ ತುಂಬಾ ಸರಳ. ವಾಕ್ಯವನ್ನು ಕನ್ನಡದಲ್ಲಿ ಅಂದುಕೊಳ್ಳಿ. ‘ನಾನು’ ಅಂತ ಪೂರ್ತಿ ಬಂತಾ, ‘ಐ’. ‘ನನ್ನ’ ಅಂತಲೋ ‘ನನಗೆ’ ಅಂತಲೋ ಬಾಲ ಬದಲಾಯಿತಾ, ‘ಮಿ’. ‘ನನ್ನನ್ನು ಬಿಟ್ಟು ಎಲ್ಲರೂ ಬಂದರು’ ಅಂದರೆ ‘ಎವ್ರಿಒನ್ ಕೇಮ್ ಎಕ್ಸೆಪ್ಟ್ ಮಿ’. ‘ನನ್ನ ಜೊತೆ ಬಾ’ ಅಂದರೆ ‘ಕಮ್ ವಿತ್ ಮಿ’. ‘ನನಗೂ ನಮ್ಮ ತಾಯಿಗೂ ಟಿಕೆಟ್ ಕೊಡಿ’ ಅಂದರೆ ‘ಟಿಕೆಟ್ಸ್ ಫಾರ್ ಮೈ ಮದರ್ ಆಂಡ್ ಮಿ’. ‘ನನ್ನ ಮನೆ’ ಅಂತ ಯಾವುದಾದರೂ ನಮ್ಮದು ಅಂತ ಹೇಳುವಾಗ ‘ಮೈ’ ಬರುತ್ತೆ, ಅದು ಎಲ್ಲರಿಗೂ ಗೊತ್ತು, ಅಲ್ಲಿ ಯಾರೂ ಎಡವಲ್ಲ. ಇದೇ ಲೆಕ್ಕ ಅವನು-ಅವನನ್ನು, ಅವಳು-ಅವಳನ್ನು, ನಾವು-ನಮ್ಮನ್ನು, ಅವರು-ಅವರನ್ನು ಎಲ್ಲಕ್ಕೂ ನಡೆಯುತ್ತೆ. ‘ಹಿ’ ಮತ್ತು ‘ಹಿಮ್’, ‘ಶಿ’ ಮತ್ತು ‘ಹರ್’, ‘ವಿ’ ಮತ್ತು ‘ಅಸ್’, ‘ದೇ’ ಮತ್ತು ‘ದೆಮ್’.

ಇದಕ್ಕೆ ಒಂದು ಕಡೆ ಅಡ್ಡಿ ಇದೆ, ಅದನ್ನು ಮುಚ್ಚಿಟ್ಟರೆ ಮೋಸ ಆಗುತ್ತೆ. ಕನ್ನಡದಲ್ಲಿ ಗೊತ್ತಿರುವುದು, ಬೇಕಾಗುವುದು, ಹಸಿವು, ಜ್ವರ, ಇಷ್ಟ ಇವೆಲ್ಲ ನಮಗೆ ಬರುತ್ತವೆ, ನಾವು ಅವನ್ನು ಮಾಡುವುದಿಲ್ಲ. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವು. ಇಂಗ್ಲಿಷಿನವರು ಇದನ್ನೆಲ್ಲ ತಾವೇ ಮಾಡುವ ಕೆಲಸ ಅಂದುಕೊಂಡಿದ್ದಾರೆ, ‘ಐ ನೋ’, ‘ಐ ವಾಂಟ್’, ‘ಐ ಆಮ್ ಹಂಗ್ರಿ’. ‘ನನ್ನ ಕೈಲಿ ಆಗಲ್ಲ’ ಅಂತ ನಾವು ಕೈಮೇಲೆ ಹಾಕಿದರೆ ಅವರು ‘ಐ ಕಾಂಟ್’ ಅಂತ ನೇರ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ ನೋಡಿದ ಮಟ್ಟಿಗೆ, ಇಲ್ಲಿ ‘ಮಿ ನೋ’ ಅಂತ ಬರೆದ ಮಗುವನ್ನು ನಾನು ಕಂಡಿಲ್ಲ. ‘ಐ ನೋ’ ಅಷ್ಟು ಸಲ ಕಿವಿಗೆ ಬಿದ್ದಿರುತ್ತೆ. ಹಾಗಾಗಿ ಉಪಾಯ ಕೆಡುವುದಿಲ್ಲ.

ಈಗ ಇತಿಹಾಸ. ಬಹಳ ಜನ ಇಂಗ್ಲಿಷಿನಲ್ಲಿ ವಿಭಕ್ತಿಯೇ ಇಲ್ಲ, ಸುಲಭದ ಭಾಷೆ ಅಂದುಕೊಂಡಿದ್ದಾರೆ. ಒಂದು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಹಾಗೇ ನಾಮಪದಗಳಿಗೂ ವಿಭಕ್ತಿ ಇತ್ತು. ‘ಅವನನ್ನು’ ಅನ್ನಲು ‘ಹಿನೆ’ ಅಂತ ಒಂದು ಪದ, ‘ಅವನಿಗೆ’ ಅನ್ನಲು ‘ಹಿಮ್’ ಅಂತ ಇನ್ನೊಂದು. ಕಾಲ ಹೋದ ಹಾಗೆ ‘ಹಿನೆ’ ಬಿದ್ದುಹೋಗಿ ಎರಡೂ ಕೆಲಸ ‘ಹಿಮ್’ ಹೆಗಲಿಗೆ ಬಂತು. ನಾಮಪದಗಳ ಬಾಲವೂ ಉದುರಿತು, ‘ರವಿಸ್ ಬುಕ್’ ಅನ್ನುವಾಗಿನ ಆ ‘ಸ್’ ಒಂದು ಬಿಟ್ಟು. ಕೊನೆಗೆ ವಿಭಕ್ತಿ ಉಳಿದಿದ್ದು ಈ ಬೆರಳೆಣಿಕೆಯ ಸರ್ವನಾಮಗಳಲ್ಲಿ ಮಾತ್ರ. ನಾಲ್ಕಾರು ಪದಗಳಿಗಷ್ಟೇ ಇರುವ ನಿಯಮವಾದ್ದರಿಂದಲೇ ಇಂಗ್ಲಿಷ್ ಮನೆಮಾತಿನವರಿಗೂ ಅದು ಆಗಾಗ ಕೈಕೊಡುತ್ತೆ.

‘ಯು’ ಕತೆ ಇನ್ನೂ ಚೆನ್ನಾಗಿದೆ. ಮೊದಲು ‘ಯೀ’ ಅಂದರೆ ನೀವು, ‘ಯು’ ಅಂದರೆ ನಿಮ್ಮನ್ನು, ನಿಮಗೆ. ಏಕವಚನಕ್ಕೆ ‘ದೌ’, ಅಂದರೆ ನೀನು. ಮರ್ಯಾದೆ ಕೊಡಬೇಕಾದರೆ ಒಬ್ಬರಿದ್ದರೂ ಬಹುವಚನ, ಥೇಟ್ ನಮ್ಮ ಹಾಗೆ. ಹದಿನಾರು ಹದಿನೇಳನೇ ಶತಮಾನದ ಸುಮಾರಿಗೆ ‘ಯು’ ಎಲ್ಲವನ್ನೂ ನುಂಗಿಹಾಕಿತು. ಇವತ್ತು ನೀನು, ನೀವು, ನಿನ್ನನ್ನು, ನಿಮಗೆ ಎಲ್ಲಕ್ಕೂ ಅದೊಂದೇ. ಸರ್ವನಾಮದಲ್ಲಿ ಮರ್ಯಾದೆಯ ವ್ಯತ್ಯಾಸ ತೋರಿಸುವುದನ್ನು ಆ ಭಾಷೆ ಅವತ್ತೇ ಕಳೆದುಕೊಂಡಿದೆ. ಹಾಗಿರುವಾಗ ನಾವು ಇಲ್ಲಿ ದಾವಣಗೆರೆಯಲ್ಲಿ ಕೂತು ‘ಐ’ಗೆ ಮರ್ಯಾದೆ ತೊಡಿಸುತ್ತಿದ್ದೇವೆ!

‘ಬಿಟ್ವೀನ್ ಯು ಆಂಡ್ ಐ’ ಕೂಡ ನಮ್ಮೂರ ತಪ್ಪೇನಲ್ಲ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೊ ಗೆಳೆಯನಿಗೆ ಬರೆದ ಪತ್ರದಲ್ಲಿ ಇದೇ ಪದಗಳಿವೆ, ನಿನ್ನ ನನ್ನ ನಡುವಿನ ಸಾಲವೆಲ್ಲ ತೀರಿತು ಅನ್ನುವಾಗ. 1992ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬಿಲ್ ಕ್ಲಿಂಟನ್, ಆಲ್ ಗೋರ್‌ಗೂ ನನಗೂ ಒಂದು ಅವಕಾಶ ಕೊಡಿ ಅನ್ನಲು ‘ಗಿವ್ ಆಲ್ ಗೋರ್ ಆಂಡ್ ಐ ಎ ಚಾನ್ಸ್’ ಅಂದರು, ವ್ಯಾಕರಣ ಪಂಡಿತರು ಹುಬ್ಬು ಗಂಟು ಹಾಕಿದರು, ಜನ ಗೆಲ್ಲಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ತಪ್ಪು ಬರೆದ ಮಗುವನ್ನು ಹಳ್ಳಿ ಗುಗ್ಗು ಅಂತ ನಗಬೇಡಿ ಅಂತ. ಆದರೆ ಷೇಕ್ಸ್‌ಪಿಯರ್ ಬರೆದ ಅಂತ ನಮ್ಮ ಮೌಲ್ಯಮಾಪಕರು ಮಾರ್ಕ್ಸ್ ಕೊಡುವುದಿಲ್ಲ. ಇವತ್ತಿನ ಬರಹದ ಇಂಗ್ಲಿಷಿನಲ್ಲಿ ‘ಬಿಟ್ವೀನ್ ಯು ಆಂಡ್ ಮಿ’ ಸರಿ, ಅದನ್ನೇ ಕಲಿಸಬೇಕು.

ಇದರ ಉಲ್ಟಾ ಅತಿರೇಕವೂ ಇದೆ. ಬಾಗಿಲು ತಟ್ಟಿದಾಗ ಒಳಗಿಂದ ‘ಯಾರು?’ ಅಂದರೆ ನಾವು ‘ನಾನು’ ಅನ್ನುತ್ತೇವೆ. ಇಂಗ್ಲಿಷಿನವರು ‘ಇಟ್ಸ್ ಮಿ’ ಅನ್ನುತ್ತಾರೆ. ಇಲ್ಲಿ ಕನ್ನಡ ಒಂದು ದಾರಿ, ಇಂಗ್ಲಿಷ್ ಇನ್ನೊಂದು. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷಿಗೆ ವ್ಯಾಕರಣ ಬರೆದವರಲ್ಲಿ ಹೆಚ್ಚಿನವರು ಲ್ಯಾಟಿನ್ ಅರೆದು ಕುಡಿದವರು. ಲ್ಯಾಟಿನ್‌ನಲ್ಲಿ ಇಂಥ ಕಡೆ ಪ್ರಥಮಾ ವಿಭಕ್ತಿಯೇ ಬರಬೇಕು, ಆದ್ದರಿಂದ ಇಂಗ್ಲಿಷಿನಲ್ಲೂ ‘ಇಟ್ ಈಸ್ ಐ’ ಅಂತಲೇ ಅನ್ನಬೇಕು ಅನ್ನುವ ನಿಯಮ ಗಟ್ಟಿಯಾಯಿತು. ನಮ್ಮ ಹಳೇ ಗೈಡುಗಳಲ್ಲಿ ಅದು ಈಗಲೂ ಇದೆ. ಪರೀಕ್ಷೆಯಲ್ಲಿ ಕೇಳಿದರೆ ಬರೆಯಲಿ, ಬೇಡ ಅನ್ನಲ್ಲ. ಆದರೆ ಫೋನಿನಲ್ಲಿ ‘ಇಟ್ ಈಸ್ ಐ, ಸರ್’ ಅಂತ ಹುಡುಗ ಮಾತಾಡಿದರೆ ಆ ಕಡೆಯವರು ನಾಟಕದ ಪಾತ್ರ ಅಂದುಕೊಂಡಾರು. ‘ಇಟ್ಸ್ ಮಿ’ ತಪ್ಪಲ್ಲ ಅಂತ ಒಂದು ಸಾಲು ಪುರವಣಿಯಲ್ಲಿ ಬಂದರೆ ಎಷ್ಟೋ ಮಕ್ಕಳ ನಾಲಿಗೆ ಸಡಿಲ ಆಗುತ್ತೆ.

‘ದ್ಯಾನ್’ ವಿಷಯವೂ ಸ್ವಲ್ಪ ಹಾಗೇ. ‘ಹಿ ಈಸ್ ಟಾಲರ್ ದ್ಯಾನ್ ಮಿ’ ಅಂತ ಮಾತಿನಲ್ಲಿ ಎಲ್ಲರೂ ಅನ್ನುತ್ತಾರೆ, ಹಳೇ ಮೇಷ್ಟ್ರಿಗೆ ‘ದ್ಯಾನ್ ಐ’ ಬೇಕು, ಜಗಳವೇ ಬೇಡ ಅಂದರೆ ‘ದ್ಯಾನ್ ಐ ಆಮ್’ ಅಂತ ಬರೆದು ಮುಗಿಸಿ. ಆದರೆ ಕೆಲವು ಕಡೆ ಅರ್ಥವೇ ಬದಲಾಗುತ್ತೆ, ಅಲ್ಲಿ ಹುಷಾರು. ‘ಶಿ ಲವ್ಸ್ ದ ಡಾಗ್ ಮೋರ್ ದ್ಯಾನ್ ಐ’ ಅಂದರೆ ನಾಯಿ ಕಂಡರೆ ನನಗಿರುವುದಕ್ಕಿಂತ ಅವಳಿಗೆ ಪ್ರೀತಿ ಜಾಸ್ತಿ. ‘ಮೋರ್ ದ್ಯಾನ್ ಮಿ’ ಅಂದರೆ ನನಗಿಂತ ಆ ನಾಯಿಯೇ ಅವಳಿಗೆ ಹೆಚ್ಚು ಅಂತಲೂ ಆಗಬಹುದು. ಗಂಡ ಹೆಂಡತಿ ಮಧ್ಯೆ ವಿಷಯ, ನೋಡಿಕೊಂಡು ಬರೆಯಿರಿ. ತಮಾಷೆ ಅಂದರೆ ಕನ್ನಡದ ‘ನನಗಿಂತ’ದಲ್ಲೂ ಇದೇ ಗೊಂದಲ ಇದೆ, ಯಾವ ಅರ್ಥ ಅಂತ ಹೇಳುವವರ ಮುಖ ನೋಡಿಯೇ ತಿಳಿಯಬೇಕು.

‘ಹೂಮ್’ ಬಗ್ಗೆ ಹೆಚ್ಚು ಹೇಳಲ್ಲ. ‘ಯಾರು’ ಬಂದರೆ ‘ಹೂ’, ‘ಯಾರನ್ನು’, ‘ಯಾರಿಗೆ’ ಬಂದರೆ ‘ಹೂಮ್’. ಮಾತಿನಲ್ಲಿ ‘ಹೂಮ್’ ಸವೆದುಹೋಗಿದೆ, ‘ಹೂ ಡಿಡ್ ಯು ಮೀಟ್’ ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ನಮ್ಮ ಅಂಗಡಿಗಳಲ್ಲಿ ಮಾತ್ರ ಅದು ಗಟ್ಟಿಯಾಗಿದೆ, ‘ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್’ ಅಂತ ಟೈಪ್ ಮಾಡದ ದಿನ ಇಲ್ಲ. ತೊಂದರೆ ಎಲ್ಲಿ ಅಂದರೆ, ‘ಹೂಮ್’ ಅಂದರೆ ಭಾರಿ ಇಂಗ್ಲಿಷ್ ಅಂತ ಸಿಕ್ಕ ಕಡೆಯೆಲ್ಲ ಹಾಕುವುದು. ‘ದ ಸ್ಟೂಡೆಂಟ್ ಹೂಮ್ ಐ ಥಿಂಕ್ ಈಸ್ ಎಲಿಜಿಬಲ್’ ಅಂತ ಒಂದು ಶಿಫಾರಸು ಪತ್ರ ಬಂದಿತ್ತು. ನಡುವಿನ ‘ಐ ಥಿಂಕ್’ ತೆಗೆದು ಓದಿ, ‘ಹೂಮ್ ಈಸ್ ಎಲಿಜಿಬಲ್’ ಉಳಿಯುತ್ತೆ. ಅರ್ಹ ಇರುವವನು ‘ಯಾರು’, ‘ಯಾರನ್ನು’ ಅಲ್ಲ. ಅಲ್ಲಿ ‘ಹೂ’ ಸಾಕು. ಇದೂ ಹಳೇ ಕಾಯಿಲೆಯೇ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ನಾನು ಯಾರು ಅಂತ ಹೇಳುತ್ತೀರಿ ಎಂದು ಏಸು ಶಿಷ್ಯರನ್ನು ಕೇಳುವಲ್ಲಿ ಇಂಥದ್ದೇ ‘ಹೂಮ್’ ಕೂತಿದೆ.

ಇಷ್ಟೆಲ್ಲ ಗಲಿಬಿಲಿಯಿಂದ ತಪ್ಪಿಸಿಕೊಳ್ಳಲು ನಮ್ಮವರು ಕಂಡುಕೊಂಡ ಕಳ್ಳದಾರಿ ‘ಮೈಸೆಲ್ಫ್’. ‘ಐ’ ಅನ್ನಲೂ ಭಯ, ‘ಮಿ’ ಅನ್ನಲೂ ಭಯ, ‘ಮೈಸೆಲ್ಫ್’ ಅಂದುಬಿಟ್ಟರೆ ಎರಡರಲ್ಲೂ ಸಿಕ್ಕಿಬೀಳಲ್ಲ ಅಂತ. ಇಂಟರ್‌ವ್ಯೂಗೆ ಹೋಗುವ ಹುಡುಗರೆಲ್ಲ ‘ಮೈಸೆಲ್ಫ್ ಮಂಜುನಾಥ, ಫ್ರಮ್ ದಾವಣಗೆರೆ’ ಅಂತಲೇ ಶುರು ಮಾಡುತ್ತಾರೆ. ಎಂಥ ಜಾಣ ಹುಡುಗನೂ ಬಾಯಿ ತೆರೆದ ಕೂಡಲೇ ಅಲ್ಲೇ ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ‘ಐ ಆಮ್ ಮಂಜುನಾಥ’ ಅಂದರೆ ಆಯ್ತಲ್ಲ. ‘ಪ್ಲೀಸ್ ಕಾಂಟ್ಯಾಕ್ಟ್ ಮೈ ಫಾದರ್ ಆರ್ ಮೈಸೆಲ್ಫ್’ ಅಂತ ಬರೆಯುವ ಬದಲು ‘ಮೈ ಫಾದರ್ ಆರ್ ಮಿ’ ಅನ್ನಿ. ‘ಮೈಸೆಲ್ಫ್’ ಬರುವುದು ನಮ್ಮ ಕೆಲಸ ನಮ್ಮ ಮೇಲೇ ತಿರುಗಿ ಬಿದ್ದಾಗ, ‘ಐ ಕಟ್ ಮೈಸೆಲ್ಫ್’ ಅಂದ ಹಾಗೆ, ಇಲ್ಲಾ ನಾನೇ ಖುದ್ದಾಗಿ ಅಂತ ಒತ್ತಿ ಹೇಳುವಾಗ.

ಗಂಡ ಹೆಂಡತಿ ಜಾಯಿಂಟ್ ಅಕೌಂಟ್ ಪತ್ರಗಳಲ್ಲಿ ಇನ್ನೊಂದು ಬರುತ್ತೆ, ‘ಮೈ ಹಸ್ಬೆಂಡ್ ಆಂಡ್ ಐಸ್ ಅಕೌಂಟ್’ ಅಂತ. ಇದನ್ನು ವ್ಯಾಕರಣದಲ್ಲಿ ತಿದ್ದಲು ಹೋದರೆ ‘ಮೈ ಹಸ್ಬೆಂಡ್ಸ್ ಆಂಡ್ ಮೈ ಅಕೌಂಟ್’ ಅಂತ ಆಗಿ, ಒಂದು ಅಕೌಂಟೋ ಎರಡೋ ಅಂತ ಮ್ಯಾನೇಜರ್ ತಲೆ ಕೆರೆದುಕೊಳ್ಳಬೇಕು. ‘ಅವರ್ ಜಾಯಿಂಟ್ ಅಕೌಂಟ್’ ಅಂತ ಟೈಪ್ ಮಾಡಿ ಕೊಡುತ್ತೇನೆ.

ಕಾಲೇಜು ಮಕ್ಕಳ ಮನವಿಗಳಲ್ಲಿ ‘ವಿ ಸ್ಟೂಡೆಂಟ್ಸ್’ ತುಂಬಾ ಬರುತ್ತೆ. ‘ವಿ ಸ್ಟೂಡೆಂಟ್ಸ್ ಆರ್ ಫೇಸಿಂಗ್ ಪ್ರಾಬ್ಲಮ್’ ಸರಿಯಾಗಿದೆ. ಅದೇ ಉಮೇದಿನಲ್ಲಿ ಕೊನೆಗೆ ‘ಕೈಂಡ್ಲಿ ಗಿವ್ ವಿ ಸ್ಟೂಡೆಂಟ್ಸ್ ಎ ಬಸ್’ ಅಂತ ಮುಗಿಸುತ್ತಾರೆ. ‘ಸ್ಟೂಡೆಂಟ್ಸ್’ ಅನ್ನುವುದನ್ನು ತೆಗೆದು ಓದಿದರೆ ‘ಗಿವ್ ವಿ’ ಎಂಥ ಅಪದ್ಧ ಅಂತ ಅವರಿಗೇ ಗೊತ್ತಾಗುತ್ತೆ, ‘ಗಿವ್ ಅಸ್ ಸ್ಟೂಡೆಂಟ್ಸ್’ ಅಂತ ಅವರೇ ತಿದ್ದಿಕೊಳ್ಳುತ್ತಾರೆ. ಬಸ್ ಬರುತ್ತೋ ಇಲ್ಲವೋ, ಅದು ಡಿಪೋದವರ ಕೈಯಲ್ಲಿದೆ.

ಇದನ್ನೆಲ್ಲ ಕ್ಲಾಸಿನಲ್ಲಿ ಕನ್ನಡದ ಮೂಲಕ ಹೇಳಿಕೊಟ್ಟರೆ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತೆ. ಆದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ಇಲ್ಲಿಂದಲೇ ಮಕ್ಕಳು ಬಂದು ಹೇಳುತ್ತಾರೆ, ಹೆಸರು ಬೇಡ. ಒಂದು ಕಡೆ ಕನ್ನಡ ಪೀರಿಯಡ್‌ನಲ್ಲಿ ದ್ವಿತೀಯಾ ವಿಭಕ್ತಿ ಬಾಯಿಪಾಠ ಮಾಡಿಸುತ್ತಾರೆ, ಗಂಟೆ ಹೊಡೆದ ಮೇಲೆ ಅದೇ ಮಕ್ಕಳಿಗೆ ‘ಆಬ್ಜೆಕ್ಟಿವ್ ಕೇಸ್’ ಅಂತ ಏನೋ ಹೊಸ ಭೂತ ತೋರಿಸಿದ ಹಾಗೆ ಪಾಠ ಮಾಡುತ್ತಾರೆ. ಎರಡೂ ಒಂದೇ ಸಂಸಾರದವು ಅಂತ ಯಾರೂ ಹೇಳುವುದಿಲ್ಲ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಕನ್ನಡದ ವಿಭಕ್ತಿಗಳನ್ನು ಕೂತು ವಿಂಗಡಿಸಿ ಇಟ್ಟಿದ್ದಾನೆ. ಇಂಗ್ಲಿಷಿಗೆ ಅಂಥ ವ್ಯಾಕರಣಗಳು ಹುಟ್ಟಿದ್ದು ಅದಾಗಿ ಮುನ್ನೂರು ವರ್ಷ ಕಳೆದ ಮೇಲೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಮನೆಯಲ್ಲೇ ಇರುವ ಸಾಮಾನನ್ನು ಬಳಸಿ ಅಂತ ಅಷ್ಟೇ.

ಈಗ ನನ್ನ ಕೋರಿಕೆ. ಆ ಸಾಲಿಗೆ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ‘ಪ್ರಮಾದಕ್ಕೆ ವಿಷಾದಿಸುತ್ತೇವೆ’ ಅಂತ ಕಣ್ಣಿಗೆ ಕಾಣದ ಹಾಗೆ ಹಾಕಬೇಡಿ. ಟಿಪ್ಸ್ ಬರುವ ಜಾಗದಲ್ಲೇ, ಅದೇ ಬಾಕ್ಸಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಆ ಬಾಕ್ಸನ್ನು ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ, ಕೆಲವರು ನನ್ನ ಹತ್ತಿರವೇ ಜೆರಾಕ್ಸ್ ಮಾಡಿಸಿ ಗೆಳತಿಯರಿಗೂ ಕೊಡುತ್ತಾರೆ. ಹೊಸದು ಹಳೆಯದರ ಮೇಲೆ ಸರಿಯಾಗಿ ಕೂರುವಷ್ಟೇ ದೊಡ್ಡದಿದ್ದರೆ ಅವರಿಗೂ ಅನುಕೂಲ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಳು
ಪಿ.ಜೆ. ಬಡಾವಣೆ, ದಾವಣಗೆರೆ